ಗುಡ್ಡದ ಗುಡಿಗೆ ದಾರಿ ಬೇಕು, ರಸ್ತೆಯಲ್ಲ

ಕಳೆದ ಕಾರ್ತಿಕ ಮಾಸದ ಒಂದು ಸೋಮವಾರ ನನ್ನ ಅಕ್ಕನನ್ನು ಕರೆದುಕೊಂಡು ಹಿರಿಯೂರು ತಾಲ್ಲೂಕಿನ ಜವನಗೊಂಡನಹಳ್ಳಿ ಕಡೆಯ ಗುಡ್ಡವೊಂದಕ್ಕೆ ಹೋಗಿದ್ದೆ. ಗುಡ್ಡದ ನೆತ್ತಿಯಲ್ಲಿ ಈಶ್ವರನ ಒಂದು ಪುಟ್ಟ ಗುಡಿ. ನಾಲ್ಕು ಕಂಬಗಳ ಮುಖಮಂಟಪ, ಒಂದು ನಂದಿ, ಒಂದು ದೀಪದ ಕಂಬ, ಇಷ್ಟೇ. ಹತ್ತುವುದು ಕಷ್ಟವೇನಲ್ಲ. ಕಾಲು ಗಟ್ಟಿಯಿರುವವರು ಅರ್ಧ ಗಂಟೆಯಲ್ಲಿ ಮೇಲಿರುತ್ತಾರೆ. ಮಕ್ಕಳು ಅದಕ್ಕೂ ಮೊದಲೇ. ಆ ಗುಡ್ಡದ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ನಾನು ಹೇಳಹೊರಟಿರುವುದು ಒಂದು ಗುಡ್ಡದ ದೂರಲ್ಲ. ನಮ್ಮ ರಾಜ್ಯದ ನೂರಾರು ಗುಡ್ಡಗಳ ಸ್ಥಿತಿ.

ಅಕ್ಕನಿಗೆ ಈಗ 74 ವರ್ಷ. ಮದುವೆಯಾಗಿ ಆ ಸೀಮೆಗೆ ಬಂದ ಮೇಲೆ ವರ್ಷಕ್ಕೊಮ್ಮೆಯಾದರೂ ತಪ್ಪದೆ ಆ ಗುಡ್ಡ ಹತ್ತಿದವಳು. ಕಳೆದ ಆರು ವರ್ಷಗಳಿಂದ ಹತ್ತಿರಲಿಲ್ಲ. ಈ ಸಲ ನನ್ನ ಒತ್ತಾಯಕ್ಕೆ ಹೊರಟಳು. ಮೂರನೆಯ ತಿರುವಿನಲ್ಲಿ ಅಲುಗಾಡುವ ಒಂದು ಮೆಟ್ಟಿಲ ಮೇಲೆ ಕಾಲಿಟ್ಟವಳು ಹೆದರಿ, ಪಕ್ಕದ ಬಂಡೆಗೆ ಒರಗಿ ಕುಳಿತುಬಿಟ್ಟಳು. ಹಣ್ಣುಕಾಯಿಯ ಚೀಲವನ್ನು ನನ್ನ ಕೈಗೆ ಕೊಟ್ಟು ಹೇಳಿದಳು: 'ನೀನು ಹೋಗಿ ಬಾರಪ್ಪ, ನಿನ್ನ ಕಾಲು ಇನ್ನೂ ಗಟ್ಟಿ ಐತೆ. ಎಲ್ಲಾ ಊರಾಗೂ ರೋಡ್ ಮಾಡ್ಸಿದಾರೆ. ಇಲ್ಲೊಂದು ಮಾಡ್ಸಿದ್ರೆ ನಾನೂ ಸ್ವಾಮಿ ಮುಖ ನೋಡ್ತಿದ್ದೆ.'

ಈ ಮಾತಿಗೆ ನಾನು ಆ ಕ್ಷಣ ಉತ್ತರ ಕೊಡಲಿಲ್ಲ. ಉತ್ತರ ಕೊಡುವ ನೈತಿಕ ಅಧಿಕಾರ ನನಗಿದೆಯೇ ಎಂಬ ಅನುಮಾನವೇ ಅದಕ್ಕೆ ಕಾರಣ. ಏಕೆಂದರೆ ಗುಡ್ಡದ ಮೇಲಿನ ದೇವಾಲಯವೊಂದಕ್ಕೆ ರಸ್ತೆಯಾಗಬೇಕೆಂದು ಸರ್ಕಾರಿ ಕಡತದಲ್ಲಿ ಶಿಫಾರಸು ಬರೆದವರಲ್ಲಿ ನಾನೂ ಒಬ್ಬ.

ಎರಡು ದಶಕಗಳಿಗೂ ಹಿಂದಿನ ಮಾತು. ಆಗ ನಾನು ಬೇರೊಂದು ಜಿಲ್ಲೆಯಲ್ಲಿದ್ದೆ. ಅಲ್ಲಿಯೂ ಇಂತಹದೇ ಒಂದು ಗುಡ್ಡ, ಇಂತಹದೇ ಒಂದು ಗುಡಿ. ಊರಿನವರ ಬೇಡಿಕೆಯಿತ್ತು, ಅನುದಾನವೂ ಇತ್ತು. ಯೋಜನೆಯನ್ನು ಸಮರ್ಥಿಸುವ ಟಿಪ್ಪಣಿಯೊಂದು ಬೇಕಾಗಿತ್ತು. ಅರ್ಥಶಾಸ್ತ್ರ ಓದಿದವನೆಂಬ ಕಾರಣಕ್ಕೆ ಆ ಕೆಲಸ ನನ್ನ ಪಾಲಿಗೆ ಬಂತು. ರಸ್ತೆ ಯೋಜನೆಗಳ ಲಾಭವೆಚ್ಚವನ್ನು ತೂಗುವ ವಿಧಾನ ಎಲ್ಲರಿಗೂ ಗೊತ್ತಿರುವಂತಹದೇ. ಪ್ರಯಾಣದ ಸಮಯವನ್ನು ವೆಚ್ಚವೆಂದು ಪರಿಗಣಿಸಬೇಕು. ಉಳಿದ ಸಮಯಕ್ಕೆ ಒಂದು ಬೆಲೆ ಕಟ್ಟಬೇಕು. ಅದನ್ನು ಜನರ ಸಂಖ್ಯೆಯಿಂದ ಗುಣಿಸಬೇಕು. ಹತ್ತಲು 40 ನಿಮಿಷ, ವಾಹನದಲ್ಲಿ 5 ನಿಮಿಷ. ಆದ್ದರಿಂದ ತಲಾ 35 ನಿಮಿಷ ಉಳಿತಾಯ. ಲೆಕ್ಕ ಸೊಗಸಾಗಿ ಕೂಡಿಬಂತು. ರಸ್ತೆಯೂ ಆಯಿತು.

ಹದಿನೈದು ವರ್ಷಗಳ ಬಳಿಕ, ನಿವೃತ್ತಿಯ ಹೊಸ್ತಿಲಲ್ಲಿ, ಅದೇ ಗುಡ್ಡಕ್ಕೆ ಕುಟುಂಬದೊಂದಿಗೆ ಹೋದೆ. ಕಾರು ಗುಡಿಯ ಬಾಗಿಲವರೆಗೂ ಹೋಯಿತು. ಮೇಲಿನ ಬಂಡೆಯ ಹಾಸು ವಾಹನ ನಿಲ್ದಾಣವಾಗಿತ್ತು. ಸಂಜೆಯ ಮೇಲೆ ಬೈಕುಗಳಲ್ಲಿ ಬರುವವರು ಬಿಟ್ಟುಹೋದ ಬಾಟಲಿಗಳು ನಂದಿಯ ಹಿಂದೆಯೇ ಬಿದ್ದಿದ್ದವು. ಹಳೆಯ ಮೆಟ್ಟಿಲುಗಳನ್ನು ಹುಡುಕಿದೆ. ಲಂಟಾನ ಮುಚ್ಚಿಕೊಂಡು, ನಡುವೆ ಎರಡು ಕಡೆ ರಸ್ತೆಯೇ ಅವುಗಳನ್ನು ಕತ್ತರಿಸಿಹಾಕಿತ್ತು. ನಡುದಾರಿಯ ಮರದಡಿಯಲ್ಲಿ ಮಜ್ಜಿಗೆ ಮಾರುತ್ತಿದ್ದ ಹೆಂಗಸಾಗಲಿ, ಬುಡದಲ್ಲಿ ಹೂವು ಕಟ್ಟಿ ಕೊಡುತ್ತಿದ್ದ ಮನೆಯವರಾಗಲಿ ಕಾಣಲಿಲ್ಲ. ಕಾರಿನಲ್ಲಿ ಹೋಗುವವರಿಗೆ ನಡುದಾರಿಯ ಮಜ್ಜಿಗೆ ಬೇಕಿಲ್ಲ. ಅರ್ಚಕರು ಹೇಳಿದ ಒಂದು ಮಾತು ಇಂದಿಗೂ ನನ್ನ ಕಿವಿಯಲ್ಲಿದೆ. ಬರುವವರ ಸಂಖ್ಯೆ ಹೆಚ್ಚಿದೆಯಂತೆ. ಆದರೆ ಹತ್ತು ನಿಮಿಷಕ್ಕಿಂತ ಹೆಚ್ಚು ಯಾರೂ ನಿಲ್ಲುವುದಿಲ್ಲವಂತೆ. ಮೊದಲು ಬಂದವರು ಹತ್ತಿದ ದಣಿವಾರಲು ಅರ್ಧ ದಿನ ಕೂರುತ್ತಿದ್ದರು, ಜೊತೆಗೆ ತಂದ ಬುತ್ತಿ ಬಿಚ್ಚುತ್ತಿದ್ದರು, ನೆಂಟಸ್ತನದ ಮಾತುಕತೆಗಳೂ ಅಲ್ಲಿಯೇ ಆಗುತ್ತಿದ್ದವು.

ಆಗ ನನಗೆ ನನ್ನ ಲೆಕ್ಕದ ತಪ್ಪು ಹೊಳೆಯಿತು. ಕಚೇರಿಗೆ, ಮಾರುಕಟ್ಟೆಗೆ, ಆಸ್ಪತ್ರೆಗೆ ಹೋಗುವ ದಾರಿ ನಿಜಕ್ಕೂ ವೆಚ್ಚವೇ. ಅದು ಕಡಿಮೆಯಾದಷ್ಟೂ ಒಳ್ಳೆಯದು. ಆದರೆ ಗುಡ್ಡದ ಗುಡಿಗೆ ಹೋಗುವವನು ಕೊಳ್ಳಬಂದ ಸರಕೇ ಆ ದಾರಿ. ಅವನ 40 ನಿಮಿಷವನ್ನು ನಾನು ನಷ್ಟದ ಕಾಲಮಿನಲ್ಲಿ ಬರೆದಿದ್ದೆ. ಬರೆಯಬೇಕಾಗಿದ್ದುದು ಲಾಭದ ಕಾಲಮಿನಲ್ಲಿ. ಹೋಟೆಲಿನಲ್ಲಿ ಊಟ ಮಾಡುವವನಿಗೆ ಊಟದ ಸಮಯವನ್ನು ಉಳಿಸಿಕೊಡುತ್ತೇವೆಂದು ಎಲೆಯನ್ನೇ ಎತ್ತಿಬಿಟ್ಟ ಹಾಗೆ ಆಯಿತು ನನ್ನ ಶಿಫಾರಸು. ಆ ಟಿಪ್ಪಣಿಯ ಕೆಳಗಿನ ಸಹಿ ನನ್ನದೇ ಆದ್ದರಿಂದ ಅದರ ಹೊಣೆಯನ್ನು ಇನ್ನೊಬ್ಬರ ಮೇಲೆ ಹೊರಿಸಲಾರೆ.

ಚಿತ್ರದುರ್ಗ ಜಿಲ್ಲೆಯವರಾದ ನಮಗೆ ಬೆಟ್ಟದ ದಾರಿಯ ಮಹತ್ವವನ್ನು ತಿಳಿಯಲು ಹೊರಗೆಲ್ಲೂ ಹೋಗಬೇಕಾಗಿಲ್ಲ. ಹಿರಿಯೂರಿನಿಂದ ಚಳ್ಳಕೆರೆ ಮಾರ್ಗವಾಗಿ ಬಳ್ಳಾರಿಯತ್ತ ಸಾಗಿದರೆ ಮೊಳಕಾಲ್ಮೂರು ತಾಲ್ಲೂಕಿನಲ್ಲಿ ಜಟಿಂಗ ರಾಮೇಶ್ವರ ಬೆಟ್ಟ ಎದುರಾಗುತ್ತದೆ. ಸೀತೆಯನ್ನು ಕದ್ದೊಯ್ಯುತ್ತಿದ್ದ ರಾವಣನೊಡನೆ ಹೋರಾಡಿ ಜಟಾಯು ಬಿದ್ದ ಜಾಗ ಇದೇ ಎಂಬುದು ಸ್ಥಳಪುರಾಣ. ಬೆಟ್ಟದ ಮೇಲೆ ರಾಮೇಶ್ವರನ ದೇವಾಲಯವಿದೆ. ಆದರೆ ಪುರಾಣದ ಆಚೆಗೆ ಇತಿಹಾಸವೂ ಅಲ್ಲಿ ಬಂಡೆಯ ಮೇಲೆ ಕುಳಿತಿದೆ. ಮೈಸೂರು ಸಂಸ್ಥಾನದ ಬಿ.ಎಲ್. ರೈಸ್ ಅವರು 1892ರಲ್ಲಿ ಈ ಸೀಮೆಯ ಬ್ರಹ್ಮಗಿರಿ, ಸಿದ್ದಾಪುರ ಮತ್ತು ಜಟಿಂಗ ರಾಮೇಶ್ವರ ಎಂಬ ಮೂರು ಸ್ಥಳಗಳಲ್ಲಿ ಅಶೋಕನ ಕಿರು ಶಿಲಾಶಾಸನಗಳನ್ನು ಪತ್ತೆ ಹಚ್ಚಿದರು. ಕ್ರಿಸ್ತಪೂರ್ವ ಮೂರನೆಯ ಶತಮಾನದ ಬರಹ ನಮ್ಮ ಈ ಬರಗಾಲದ ಸೀಮೆಯಲ್ಲಿ ದೊರೆತದ್ದು ಅಂದಿನ ವಿದ್ವಾಂಸರಿಗೆ ದೊಡ್ಡ ಬೆರಗು. 1947ರಲ್ಲಿ ಬ್ರಹ್ಮಗಿರಿಯಲ್ಲಿ ಮಾರ್ಟಿಮರ್ ವೀಲರ್ ಉತ್ಖನನ ನಡೆಸಿದ ಮೇಲಂತೂ ಈ ಪರಿಸರದ ಹೆಸರು ಪುರಾತತ್ವ ಜಗತ್ತಿಗೆಲ್ಲ ತಿಳಿಯಿತು.

ಆಡಳಿತದಲ್ಲಿ ಆಯುಷ್ಯ ಕಳೆದ ನನಗೆ ಈ ಶಾಸನ ಬಹಳ ಆಪ್ತವಾದುದು. ಇಂದಿನ ಭಾಷೆಯಲ್ಲಿ ಹೇಳುವುದಾದರೆ ಅದೊಂದು ಸುತ್ತೋಲೆ. ಸುವರ್ಣಗಿರಿಯಲ್ಲಿದ್ದ ರಾಜಕುಮಾರ ಮತ್ತು ಅಲ್ಲಿನ ಮಹಾಮಾತ್ರರು ಇಸಿಲದಲ್ಲಿದ್ದ ಮಹಾಮಾತ್ರರ ಕ್ಷೇಮ ವಿಚಾರಿಸಿ, ಬಳಿಕ ದೊರೆಯ ಸಂದೇಶವನ್ನು ತಿಳಿಸುತ್ತಾರೆ. ತಂದೆತಾಯಿಯರ ಮಾತು ಕೇಳಬೇಕು, ಪ್ರಾಣಿಗಳಲ್ಲಿ ದಯೆ ಇರಬೇಕು, ಸತ್ಯ ನುಡಿಯಬೇಕು, ಗುರುವನ್ನು ಗೌರವಿಸಬೇಕು ಎಂಬ ಸಾಮಾನ್ಯ ನೀತಿಗಳ ಜೊತೆಗೆ ಅದರಲ್ಲಿ ಒಂದು ಅಸಾಮಾನ್ಯ ಮಾತಿದೆ. ಶ್ರೇಯಸ್ಸು ದೊಡ್ಡವರಿಗೆ ಮಾತ್ರ ಸಿಗುವಂತಹದಲ್ಲ; ಪರಿಶ್ರಮಪಟ್ಟರೆ ಸಣ್ಣವರೂ ಅದನ್ನು ಪಡೆಯಬಲ್ಲರು ಎಂಬುದೇ ಆ ಮಾತಿನ ತಾತ್ಪರ್ಯ. ಬೆಟ್ಟ ಹತ್ತಿ ಬಂದವನು ಓದಬೇಕಾದ ಸುತ್ತೋಲೆ ಇದಕ್ಕಿಂತ ಬೇರೆ ಯಾವುದಿದ್ದೀತು? ಮೆಟ್ಟಿಲ ದಾರಿಯಲ್ಲಿ ಕಾರಿನ ಬೆಲೆ ಲೆಕ್ಕಕ್ಕೆ ಬರುವುದಿಲ್ಲ. ಜಿಲ್ಲಾಧಿಕಾರಿಯೂ ಕೂಲಿಯವನೂ ಅಲ್ಲಿ ಒಂದೇ ಮೆಟ್ಟಿಲ ಮೇಲೆ ಏದುಸಿರು ಬಿಡುತ್ತಾರೆ.

ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ಆ ಶಾಸನದ ಬಂಡೆಗೆ ಸ್ಥಳೀಯರು ಇಟ್ಟ ಹೆಸರು 'ಬಳೆಗಾರ ಗುಂಡು'. ವರ್ಷದ ಜಾತ್ರೆಯಲ್ಲಿ ಬಳೆಗಾರರು ಅಂಗಡಿ ಹೂಡುತ್ತಿದ್ದ ಬಂಡೆ ಅದು. ಹಾಗಾಗಿಯೇ ಅದರ ಅಕ್ಷರಗಳು ಬಹಳವಾಗಿ ಸವೆದುಹೋಗಿವೆ. ಪುರಾತತ್ವದ ದೃಷ್ಟಿಯಿಂದ ಇದು ನಷ್ಟವೇ ಸರಿ. ಆದರೆ ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ನನಗೆ ಅದರಲ್ಲಿ ಮತ್ತೊಂದು ಅರ್ಥವೂ ಕಾಣುತ್ತದೆ. ತಲೆಯ ಮೇಲೆ ಹೊತ್ತು ತಂದ ಮಲಾರವನ್ನು ಬೆಟ್ಟದ ಮೇಲೆ ಬಿಚ್ಚಿ, ದಣಿದು ಕುಳಿತ ಹೆಣ್ಣುಮಕ್ಕಳ ಕೈಗೆ ಬಳೆ ತೊಡಿಸುವ ಒಂದು ವ್ಯಾಪಾರ ತಲೆಮಾರುಗಳ ಕಾಲ ಅಲ್ಲಿ ನಡೆದಿತ್ತು. ಕಾಲುದಾರಿಗೆ ತನ್ನದೇ ಆದ ಮಾರುಕಟ್ಟೆಯಿದೆ. ಅದು ಬಂಡವಾಳವಿಲ್ಲದವರ ಮಾರುಕಟ್ಟೆ. ರಸ್ತೆ ಬಂದ ದಿನ ಅದು ಮುಚ್ಚುತ್ತದೆ; ಮೇಲೆ ಹರಾಜಿನಲ್ಲಿ ಮಳಿಗೆ ಹಿಡಿಯಬಲ್ಲವರ ಮಾರುಕಟ್ಟೆ ತೆರೆಯುತ್ತದೆ.

ರಾಷ್ಟ್ರೀಯ ಮಹತ್ವದ ಸ್ಮಾರಕಗಳಿಗೆ ಕಾನೂನಿನ ರಕ್ಷಣೆಯಿದೆ. 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಗೆ 2010ರಲ್ಲಿ ತಂದ ತಿದ್ದುಪಡಿಯಂತೆ ಅವುಗಳ ಸುತ್ತ 100 ಮೀಟರ್ ನಿಷೇಧಿತ ಪ್ರದೇಶ. ಅದರಾಚೆ ಮತ್ತೆ 200 ಮೀಟರ್ ನಿಯಂತ್ರಿತ ಪ್ರದೇಶ. ಬಂಡೆಯನ್ನು ಕಾಯುವ ಕಾನೂನು ಹೀಗೆ ಗಟ್ಟಿಯಾಗಿದೆ. ಆದರೆ ಆ ಬಂಡೆಯ ಬಳಿಗೆ ಎರಡು ಸಾವಿರ ವರ್ಷಗಳಿಂದ ಜನರನ್ನು ಕರೆತಂದ ದಾರಿಯನ್ನು ಕಾಯುವವರು ಯಾರು? ಇನ್ನು ಶಾಸನವೂ ಇಲ್ಲದ, ಸ್ಮಾರಕವೂ ಅಲ್ಲದ, ಜವನಗೊಂಡನಹಳ್ಳಿ ಕಡೆಯಂತಹ ಸಾಮಾನ್ಯ ಗುಡ್ಡಗಳ ಗತಿಯೇನು?

ಇಷ್ಟು ಹೇಳಿದ ಮಾತ್ರಕ್ಕೆ ನಾನು ರಸ್ತೆಗಳ ವಿರೋಧಿ ಎಂದು ಯಾರೂ ಭಾವಿಸಬಾರದು. ಚಿತ್ರದುರ್ಗ ಜಿಲ್ಲೆಯ ಬೆಟ್ಟಸಾಲುಗಳ ಮೇಲೆ ಗಾಳಿಯಂತ್ರಗಳನ್ನು ನಿಲ್ಲಿಸಲು ದಾರಿ ಕಡಿದಿದ್ದಾರೆ. ಅದರಿಂದಾದ ಲಾಭ ಎಷ್ಟು, ಕಾಡಿಗಾದ ನಷ್ಟ ಎಷ್ಟು ಎಂದು ಚರ್ಚಿಸಬಹುದು. ಆದರೆ ಅಲ್ಲಿ ಅಳೆಯಬಹುದಾದ ವಿದ್ಯುತ್ತಾದರೂ ಉತ್ಪತ್ತಿಯಾಗುತ್ತದೆ. ಬೆಟ್ಟದ ಮೇಲೆ ಜನವಸತಿಯಿದ್ದರೆ ರಸ್ತೆ ಅವರ ಹಕ್ಕು. ಚಾಮುಂಡಿ ಬೆಟ್ಟದ ಮೇಲೆ ಊರೇ ಇದೆ; ಅಲ್ಲಿನ ಮಕ್ಕಳು ಶಾಲೆಗೆ, ಬಾಣಂತಿಯರು ಆಸ್ಪತ್ರೆಗೆ ಮೆಟ್ಟಿಲಿಳಿದು ಹೋಗಲಿ ಎನ್ನುವುದು ಕ್ರೌರ್ಯವಾದೀತು. ಪ್ರಶ್ನೆ ಇರುವುದು ಜನವಸತಿಯಿಲ್ಲದ, ಒಂದು ಗುಡಿ ಮಾತ್ರ ಇರುವ, ಅರ್ಧ ಮುಕ್ಕಾಲು ಗಂಟೆಯಲ್ಲಿ ಹತ್ತಬಹುದಾದ ಗುಡ್ಡಗಳದ್ದು.

ರಸ್ತೆಯಾದ ಬೆಟ್ಟಗಳಿಂದ ನಾವು ಕಲಿಯಬೇಕಾದ ಪಾಠವೂ ಇದೆ. 2021ರ ಆಗಸ್ಟ್‌ನಲ್ಲಿ ಭಾರಿ ಮಳೆಗೆ ನಂದಿಬೆಟ್ಟದ ದಾರಿಯಲ್ಲಿ ಗುಡ್ಡ ಕುಸಿದು ರಸ್ತೆ ಸಂಪರ್ಕವೇ ಕಡಿದುಹೋಯಿತು. ಅದೇ ವರ್ಷ ಮಳೆಗಾಲದ ಕೊನೆಯಲ್ಲಿ ಚಾಮುಂಡಿ ಬೆಟ್ಟದಲ್ಲಿ ನಂದಿ ವಿಗ್ರಹದ ಕಡೆಗೆ ಹೋಗುವ ರಸ್ತೆ ಕುಸಿಯಿತು. ಆದರೆ ದೊಡ್ಡದೇವರಾಜ ಒಡೆಯರ ಕಾಲದ, ಹದಿನೇಳನೆಯ ಶತಮಾನದ ಸಾವಿರ ಮೆಟ್ಟಿಲುಗಳ ದಾರಿಯಲ್ಲಿ ಜನ ಇಂದಿಗೂ ಹತ್ತುತ್ತಿದ್ದಾರೆ. ಇದರಲ್ಲಿ ಪವಾಡವೇನಿಲ್ಲ. ಮೆಟ್ಟಿಲ ದಾರಿ ಗುಡ್ಡದ ಮೈಯನ್ನು ಅನುಸರಿಸಿ ನೇರ ಏರುತ್ತದೆ. ಅದಕ್ಕೆ ಬೇಕಾದ ಅಗಲ ಕೆಲವೇ ಅಡಿ. ವಾಹನದ ರಸ್ತೆ ಇಳಿಜಾರನ್ನು ಅಡ್ಡಡ್ಡಲಾಗಿ ಕೊರೆಯುತ್ತದೆ. ಮೇಲ್ಭಾಗದ ಮಣ್ಣು ಆಧಾರ ಕಳೆದುಕೊಳ್ಳುತ್ತದೆ. ಸಹಜವಾಗಿ ಹರಿದುಹೋಗುತ್ತಿದ್ದ ಮಳೆನೀರು ರಸ್ತೆಯ ಒಳಬದಿಯಲ್ಲಿ ಸೇರಿ, ಮೋರಿ ಕಟ್ಟಿಕೊಂಡರೆ ಒಂದೇ ಕಡೆ ನುಗ್ಗುತ್ತದೆ. ಆದ್ದರಿಂದ ಬೆಟ್ಟದ ರಸ್ತೆಯ ನಿಜವಾದ ಬೆಲೆ ಶಂಕುಸ್ಥಾಪನೆಯ ಫಲಕದಲ್ಲಿರುವುದಿಲ್ಲ; ಅದು ಮುಂದಿನ ಪ್ರತಿ ಮಳೆಗಾಲದ ದುರಸ್ತಿಯಲ್ಲಿರುತ್ತದೆ. ನನ್ನ ಹಳೆಯ ಟಿಪ್ಪಣಿಯಲ್ಲಿ ಈ ಬಾಬತ್ತು ಒಂದೇ ಸಾಲಿನಲ್ಲಿ ಮುಗಿದುಹೋಗಿತ್ತು.

ರಸ್ತೆಯ ಬಳಿಕ ಈಗ ರೋಪ್‌ವೇಗಳ ಕಾಲ ಬಂದಿದೆ. ನಂದಿಬೆಟ್ಟದ ರೋಪ್‌ವೇಗೆ 2023ರ ಮಾರ್ಚ್‌ನಲ್ಲಿ ಶಂಕುಸ್ಥಾಪನೆ ನಡೆಯಿತು. ಚಾಮುಂಡಿ ಬೆಟ್ಟಕ್ಕೂ ಅಂತಹ ಪ್ರಸ್ತಾಪ ಮತ್ತೆ ಮತ್ತೆ ಬಂದು ಪ್ರತಿ ಬಾರಿಯೂ ಮೈಸೂರಿಗರ ವಿರೋಧ ಎದುರಿಸಿದೆ. ಕೇರಳದ ಕೊಲ್ಲಂ ಜಿಲ್ಲೆಯ ಚಡಯಮಂಗಲಂನಲ್ಲಿ, ಜಟಾಯು ಬಿದ್ದ ಜಾಗವೆಂದೇ ಪ್ರತೀತಿಯಿರುವ ಬಂಡೆಯ ಮೇಲೆ, ಸುಮಾರು 200 ಅಡಿ ಉದ್ದದ ಜಟಾಯುವಿನ ಶಿಲ್ಪ ನಿರ್ಮಿಸಿ 2018ರಲ್ಲಿ ಪ್ರವಾಸಿಗರಿಗೆ ತೆರೆದರು. ಅಲ್ಲಿಗೆ ಕೇಬಲ್ ಕಾರಿನಲ್ಲಿ ಹೋಗಬಹುದು. ನೋಡತಕ್ಕ ಸಾಹಸವೆನ್ನುವುದರಲ್ಲಿ ಸಂಶಯವಿಲ್ಲ. ಆದರೆ ಟಿಕೆಟ್ ಕೊಂಡವರಿಗೆ ದೊರೆಯುವ ಜಟಾಯು ಅದು. ನಮ್ಮ ಮೊಳಕಾಲ್ಮೂರಿನ ಜಟಾಯುವಿಗೆ ಇರುವುದು ಮೆಟ್ಟಿಲುಗಳು. ಅವನ್ನು ಹತ್ತಲು ಯಾರೂ ಟಿಕೆಟ್ ಕೊಳ್ಳಬೇಕಾಗಿಲ್ಲ. ಪ್ರತಿಯೊಂದು ಬೆಟ್ಟವೂ ಪ್ರವಾಸಿ ಕೇಂದ್ರವಾಗಿ ಆದಾಯ ತರಬೇಕೆಂಬ ಹಟವೇಕೆ?

ಹಾಗಾದರೆ ಎಲ್ಲೆಡೆ ರಸ್ತೆಯ ಬೇಡಿಕೆಯೇ ಏಕೆ ಬರುತ್ತದೆ, ಮೆಟ್ಟಿಲ ದುರಸ್ತಿಯ ಬೇಡಿಕೆ ಏಕೆ ಬರುವುದಿಲ್ಲ? ಜನರ ಸೋಮಾರಿತನವೆಂದು ಇದನ್ನು ತಳ್ಳಿಹಾಕುವುದು ಸುಲಭ. ಒಳಗಿನಿಂದ ಕಂಡವನಾಗಿ ನಾನು ಹೇಳುವ ಕಾರಣ ಬೇರೆ. ಸರ್ಕಾರದ ಲೆಕ್ಕಪತ್ರದಲ್ಲಿ ರಸ್ತೆಗೆ ತನ್ನದೇ ಶೀರ್ಷಿಕೆಯಿದೆ. ನಿರ್ವಹಣೆಗೆ 3054, ಬಂಡವಾಳ ವೆಚ್ಚಕ್ಕೆ 5054. ಪ್ರವಾಸೋದ್ಯಮಕ್ಕೆ 3452 ಮತ್ತು 5452. ಗುಡ್ಡದ ಮೆಟ್ಟಿಲು ಯಾವ ಶೀರ್ಷಿಕೆಯಡಿ ಬರುತ್ತದೆ? ಗುಡಿ ಮುಜರಾಯಿಯದಾಗಿರಬಹುದು, ಗುಡ್ಡ ಅರಣ್ಯ ಇಲಾಖೆಯದು ಅಥವಾ ಕಂದಾಯ ಇಲಾಖೆಯದು, ಬುಡದ ಊರು ಪಂಚಾಯಿತಿಯದು. ನಡುವಿನ ಮೆಟ್ಟಿಲು ಯಾರದೂ ಅಲ್ಲ. ಯಾರದೂ ಅಲ್ಲದ್ದಕ್ಕೆ ಅಂದಾಜು ಪಟ್ಟಿ ತಯಾರಾಗುವುದಿಲ್ಲ.

ಮೊತ್ತ ಸಣ್ಣದಾಗಿರುವುದೂ ಅದರ ಶಾಪ. ನಾಲ್ಕು ಮೆಟ್ಟಿಲು ಕೂರಿಸಲು, ಒಂದು ಕಂಬಿ ನೆಡಲು ಬೇಕಾಗುವ ಹಣಕ್ಕೆ ದೊಡ್ಡ ಗುತ್ತಿಗೆದಾರ ಬರುವುದಿಲ್ಲ. ಉದ್ಘಾಟನೆಯ ಸಮಾರಂಭವೂ ಆಗುವುದಿಲ್ಲ. ಕೋಟಿಗಳ ಕಾಮಗಾರಿಯನ್ನು ಮಂಜೂರು ಮಾಡಿಸಿಕೊಳ್ಳುವುದು ನಮ್ಮ ವ್ಯವಸ್ಥೆಯಲ್ಲಿ ಕೆಲವು ಸಾವಿರಗಳ ದುರಸ್ತಿ ಮಾಡಿಸುವುದಕ್ಕಿಂತ ಸುಲಭ. ಇದು ವಿಪರ್ಯಾಸವಾದರೂ ವಾಸ್ತವ. ಜನ ಜಾಣರು, ಸಿಗುವಂತಹದನ್ನೇ ಕೇಳುತ್ತಾರೆ. ಮೆಟ್ಟಿಲು ಕೇಳಿದರೆ ಏನೂ ಸಿಗದು, ರಸ್ತೆ ಕೇಳಿದರೆ ಇಂದಲ್ಲ ನಾಳೆ ಸಿಕ್ಕೀತು ಎಂಬ ಅನುಭವ ಅವರಿಗಿದೆ. ನನ್ನ ಅಕ್ಕನ ಬಾಯಲ್ಲಿ ರಸ್ತೆಯ ಮಾತು ಬಂದದ್ದೂ ಹೀಗೆಯೇ.

ರಸ್ತೆಯಿಲ್ಲದೆ ಹಿರಿಯರನ್ನು ಬೆಟ್ಟ ಹತ್ತಿಸುವುದು ಸಾಧ್ಯವಿಲ್ಲವೇ? ಶ್ರವಣಬೆಳಗೊಳದ ವಿಂಧ್ಯಗಿರಿಗೆ ಯಾತ್ರಿಕರ ವಾಹನ ಹೋಗುವ ರಸ್ತೆಯಿಲ್ಲ. ಬಂಡೆಯಲ್ಲಿ ಕಡಿದ 600ಕ್ಕೂ ಹೆಚ್ಚು ಮೆಟ್ಟಿಲುಗಳನ್ನು ಬರಿಗಾಲಲ್ಲಿ ಹತ್ತಬೇಕು. ಹಿಡಿದುಕೊಳ್ಳಲು ಕಂಬಿಯಿದೆ, ಆಗದವರಿಗೆ ಡೋಲಿಯಿದೆ, ಡೋಲಿ ಹೊರುವವರಿಗೆ ಅದರಿಂದ ಸಂಪಾದನೆಯೂ ಇದೆ. ಹೊರುವವರ ಶ್ರಮಕ್ಕೆ ನ್ಯಾಯವಾದ ದರ, ವಿಮೆ, ತೂಕದ ಮಿತಿ ಇರಬೇಕೆನ್ನುವುದು ಬೇರೆ ಮಾತು. ಅದನ್ನು ಒಪ್ಪಿಯೇ ಮುಂದುವರಿಯಬೇಕು. ಸಾವಿರ ವರ್ಷಗಳಿಂದ ನಿಂತಿರುವ ಗೊಮ್ಮಟನ ಮುಂದೆ ನಿಂತಾಗ ಆಗುವ ಅನುಭವದಲ್ಲಿ ಆ ಮೆಟ್ಟಿಲುಗಳ ಪಾಲೆಷ್ಟು ಎಂಬುದನ್ನು ಹತ್ತಿದವರೇ ಹೇಳಬೇಕು. ಅಲ್ಲಿಗೆ ಕಾರು ಹೋಗುವಂತೆ ಮಾಡೋಣವೆಂದು ಯಾರಾದರೂ ಹೇಳಿದರೆ ಕನ್ನಡಿಗರು ಒಪ್ಪಿಯಾರೇ? ದೊಡ್ಡ ಗೊಮ್ಮಟನಿಗೆ ಒಪ್ಪದ್ದು ಸಣ್ಣ ಗುಡಿಯ ಈಶ್ವರನಿಗೆ ಹೇಗೆ ಒಪ್ಪುತ್ತದೆ?

ಹೊರದೇಶದ ಒಂದು ಉದಾಹರಣೆಯೂ ಇಲ್ಲಿ ಪ್ರಸ್ತುತ. ಐರ್ಲೆಂಡಿನ ಪಶ್ಚಿಮ ತೀರದಲ್ಲಿ ಕ್ರೋ ಪ್ಯಾಟ್ರಿಕ್ ಎಂಬ 764 ಮೀಟರ್ ಎತ್ತರದ ಬೆಟ್ಟವಿದೆ. ಅದರ ಶಿಖರದಲ್ಲಿ 1905ರಲ್ಲಿ ಕಟ್ಟಿದ ಒಂದು ಸಣ್ಣ ಪ್ರಾರ್ಥನಾಮಂದಿರ. ಪ್ರತಿ ವರ್ಷ ಜುಲೈ ತಿಂಗಳ ಕೊನೆಯ ಭಾನುವಾರ ಸಹಸ್ರಾರು ಜನ, ಕೆಲವರು ಬರಿಗಾಲಲ್ಲೇ, ಅದನ್ನು ಹತ್ತುತ್ತಾರೆ. ಹತ್ತುವವರ ಸಂಖ್ಯೆ ಹೆಚ್ಚಾಗಿ ದಾರಿ ಕೊರಕಲಾಗಿ ಅಪಾಯಕಾರಿಯಾದಾಗ, 2020ರ ನಂತರದ ವರ್ಷಗಳಲ್ಲಿ, ಅವರು ಮೇಲಕ್ಕೆ ವಾಹನದ ರಸ್ತೆ ಕಡಿಯಲಿಲ್ಲ. ಬೆಟ್ಟದ ದಾರಿ ಕಟ್ಟುವುದರಲ್ಲಿ ಪರಿಣತರಾದವರನ್ನು ಕರೆಸಿ, ಅದೇ ಬೆಟ್ಟದ ಕಲ್ಲನ್ನು ಬಳಸಿ, ಸಿಮೆಂಟಿಲ್ಲದೆ ಕೈಯಿಂದಲೇ ದಾರಿಯನ್ನು ಹಂತಹಂತವಾಗಿ ದುರಸ್ತಿ ಮಾಡಿಸಿದರು. ನಮ್ಮಲ್ಲಿ ಕಲ್ಲಿಗೆ ಬರವೇ? ಕಲ್ಲಿನ ಕೆಲಸ ಬಲ್ಲ ಕೈಗಳಿಗೆ ಬರವೇ? ಏಳು ಸುತ್ತಿನ ಕೋಟೆಯನ್ನು ಕಟ್ಟಿದ ಜಿಲ್ಲೆ ನಮ್ಮದು.

ಆದ್ದರಿಂದ ನನ್ನ ಸಲಹೆಗಳು ಸರಳವಾದವು. ಮೊದಲನೆಯದಾಗಿ, ಗುಡ್ಡದ ಗುಡಿಗಳ ಕಾಲುದಾರಿಗಳನ್ನು ದಾಖಲೆಗೆ ತರಬೇಕು. ಹಳೆಯ ಗ್ರಾಮ ನಕಾಶೆಗಳಲ್ಲಿ ಬಂಡಿದಾರಿ, ಕಾಲುದಾರಿಗಳನ್ನು ಗುರುತಿಸುವ ಪದ್ಧತಿಯಿತ್ತು. ಅದೇ ಪದ್ಧತಿಯಂತೆ ಮೆಟ್ಟಿಲ ದಾರಿಗಳನ್ನೂ ಅಳತೆ ಮಾಡಿ ಸಾರ್ವಜನಿಕ ಆಸ್ತಿಯೆಂದು ನಮೂದಿಸಬೇಕು. ಎರಡನೆಯದಾಗಿ, ಅವುಗಳ ನಿರ್ವಹಣೆಯ ಹೊಣೆಯನ್ನು ಒಂದೇ ಸಂಸ್ಥೆಗೆ, ನನ್ನ ಅಭಿಪ್ರಾಯದಲ್ಲಿ ಗ್ರಾಮ ಪಂಚಾಯಿತಿಗೆ ವಹಿಸಿ, ಅದಕ್ಕೆಂದೇ ಒಂದು ಸಣ್ಣ ಉಪಶೀರ್ಷಿಕೆಯನ್ನು ಆಯವ್ಯಯದಲ್ಲಿ ತೆರೆಯಬೇಕು. ಗುಡ್ಡ ಅರಣ್ಯದಲ್ಲಿದ್ದರೆ ಆ ಇಲಾಖೆಯ ಅನುಮತಿಯನ್ನು ಒಮ್ಮೆಲೇ ಪಡೆದಿಡಬೇಕು. ಮೂರನೆಯದಾಗಿ, ಈ ಕೆಲಸವನ್ನು ಗ್ರಾಮೀಣ ಉದ್ಯೋಗದ ಕಾರ್ಯಕ್ರಮಗಳಿಗೆ ಜೋಡಿಸಬೇಕು. 2005ರ ಉದ್ಯೋಗ ಖಾತರಿ ಕಾಯ್ದೆ ಕೂಲಿಗೆ ಕನಿಷ್ಠ 60, ಸಾಮಗ್ರಿಗೆ ಗರಿಷ್ಠ 40 ಎಂಬ ಪ್ರಮಾಣವನ್ನು ವಿಧಿಸಿತ್ತು. ಯಂತ್ರವೇ ಎಲ್ಲವನ್ನೂ ಮಾಡುವ ರಸ್ತೆ ಕಾಮಗಾರಿಗೆ ಈ ಪ್ರಮಾಣ ತೊಡಕಾಗಿತ್ತು; ಮೆಟ್ಟಿಲು ಕೂರಿಸುವ ಕೆಲಸದಲ್ಲಾದರೋ ಕೂಲಿಯ ಪಾಲೇ ಹೆಚ್ಚು.

ನಾಲ್ಕನೆಯದು, ಹತ್ತುವವರ ಅನುಕೂಲ. ಅಲುಗಾಡುವ ಮೆಟ್ಟಿಲು ಭದ್ರವಾಗಲಿ. ಕಡಿದಾದ ಕಡೆ ಹಿಡಿದುಕೊಳ್ಳಲು ಕಂಬಿ ಬರಲಿ. ನೂರು ಮೆಟ್ಟಿಲಿಗೊಂದು ನೆರಳು, ಕೂರಲು ಒಂದು ಕಲ್ಲುಬೆಂಚು, ನಡುದಾರಿಯಲ್ಲಿ ಕುಡಿಯುವ ನೀರು, ಬುಡದಲ್ಲಿ ಹೆಂಗಸರಿಗೆ ಶೌಚಾಲಯ ಇರಲಿ. ದೊಡ್ಡ ಜಾತ್ರೆಗಳಿರುವ ಕಡೆ ಪಂಚಾಯಿತಿ ನಿಗದಿ ಮಾಡಿದ ದರದಲ್ಲಿ ಡೋಲಿ ದೊರೆಯಲಿ. ಇಷ್ಟಾದ ಮೇಲೂ ರಸ್ತೆಯೇ ಬೇಕೆಂದು ಊರು ಒಮ್ಮತದಿಂದ ಹೇಳಿದರೆ, ಆಗ ಲಾಭವೆಚ್ಚದ ಟಿಪ್ಪಣಿ ಬರೆಯಲಿ. ಆದರೆ ಆ ಟಿಪ್ಪಣಿಯಲ್ಲಿ ಮಳೆಗಾಲದ ದುರಸ್ತಿ, ನಡುದಾರಿಯ ವ್ಯಾಪಾರಿಗಳ ನಷ್ಟ, ಮೇಲೆ ಬೀಳುವ ಕಸವನ್ನು ಇಳಿಸುವ ಖರ್ಚು, ಇವೆಲ್ಲವೂ ಇರಲಿ. ಹತ್ತುವ ಸಮಯವನ್ನು ಮಾತ್ರ ನಷ್ಟದ ಕಾಲಮಿನಲ್ಲಿ ಬರೆಯದಿರಲಿ.

ಇಷ್ಟೆಲ್ಲ ಮಾಡಿದರೂ ಹತ್ತಲಾಗದವರು ಇದ್ದೇ ಇರುತ್ತಾರೆ. ಆ ಸತ್ಯವನ್ನು ನಾನು ಮರೆಮಾಚುವುದಿಲ್ಲ. ಗಾಲಿಕುರ್ಚಿಯಲ್ಲಿರುವ ಭಕ್ತನೊಬ್ಬ 'ನನ್ನ ಪಾಲಿನ ದೇವರೆಲ್ಲಿ?' ಎಂದು ಕೇಳಿದರೆ ಅದಕ್ಕೆ ಮೆಟ್ಟಿಲಿನಲ್ಲಿ ಪೂರ್ಣ ಉತ್ತರವಿಲ್ಲ. ನಮ್ಮ ಹಿರಿಯರು ಇದಕ್ಕೊಂದು ದಾರಿ ಕಂಡುಕೊಂಡಿದ್ದರು. ಬೆಟ್ಟದ ಬುಡದಲ್ಲೊಂದು ಪಾದದ ಗುಡಿ ಕಟ್ಟುತ್ತಿದ್ದರು. ಜಾತ್ರೆಯ ದಿನ ಉತ್ಸವಮೂರ್ತಿಯನ್ನೇ ಕೆಳಗಿಳಿಸುತ್ತಿದ್ದರು. ಭಕ್ತ ಮೇಲೆ ಹೋಗಲಾರದಿದ್ದರೆ ದೇವರೇ ಕೆಳಗೆ ಬರುತ್ತಿದ್ದ. ಈ ಪದ್ಧತಿ ಇನ್ನೂ ಉಳಿದಿರುವ ಕಡೆಗಳಲ್ಲಿ ಅದನ್ನು ಬಲಪಡಿಸುವುದು ಬೆಟ್ಟ ಕಡಿಯುವುದಕ್ಕಿಂತ ಮೇಲು.

ಅಂದು ಗುಡಿಯಿಂದ ಇಳಿದು ಬಂದು ಅಕ್ಕನಿಗೆ ಪ್ರಸಾದ ಕೊಟ್ಟೆ. ಮೇಲಿಂದ ಇಳಿಯುತ್ತಿದ್ದ ಪರಿಚಯದ ಹೆಂಗಸರು ಆಗಲೇ ಅವಳ ಸುತ್ತ ಕುಳಿತಿದ್ದರು. ಮಾತು ಮಗಳ ಮನೆಯಿಂದ ಶೇಂಗಾದ ಧಾರಣೆಯವರೆಗೆ ಹರಡಿತ್ತು. ಕಾರಿನತ್ತ ನಡೆಯುವಾಗ ಕೇಳಿದೆ: 'ಅಕ್ಕ, ನಿಜ ಹೇಳು. ಅಲ್ಲೊಂದು ಕಂಬಿಯಿದ್ದು, ಆ ಮೆಟ್ಟಿಲು ಅಲುಗದೆ ಇದ್ದಿದ್ದರೆ ಹತ್ತುತ್ತಿದ್ದೆಯಾ?' ಅವಳು ಸ್ವಲ್ಪ ಯೋಚಿಸಿ ಹೇಳಿದಳು: 'ಕೂತು ಎದ್ದು ಹತ್ತುತಿದ್ದೆ ಕಣಪ್ಪ. ಮಂಡಿ ನೋವೇನು ಹೊಸದಾ? ಬಿದ್ದೇನು ಅಂತ ಹೆದರಿಕೆ ಅಷ್ಟೆ. ಅಷ್ಟು ಮಾಡ್ಸಿಕೊಡ್ತಾರೆ ಅಂದ್ರೆ ರೋಡ್ ಯಾಕೆ ಕೇಳಾನ?'

ಮರುವಾರವೇ ಪಂಚಾಯಿತಿಗೆ ಒಂದು ಅರ್ಜಿ ಬರೆದು ಕೊಟ್ಟೆ. ಮೂರನೆಯ ತಿರುವಿನಲ್ಲಿ ಮೆಟ್ಟಿಲು ಭದ್ರಪಡಿಸುವುದು, ಅಲ್ಲಿಂದ ಮೇಲಕ್ಕೆ ಕಂಬಿ ಹಾಕುವುದು, ಎರಡು ಕಲ್ಲುಬೆಂಚು. ಒಟ್ಟು ಮೂರು ಸಾಲು. ಬರುವ ಕಾರ್ತಿಕದೊಳಗೆ ಆಗಬೇಕೆಂದು ಕೋರಿದ್ದೇನೆ. ಸೇವೆಯಲ್ಲಿದ್ದಾಗ ಬರೆದ ಟಿಪ್ಪಣಿಗಳ ಕೆಳಗೆ ಮಂಜೂರು ಮಾಡುವವನಾಗಿ ಸಹಿ ಹಾಕಿದ್ದೆ; ಇದರ ಕೆಳಗೆ ಅರ್ಜಿದಾರನಾಗಿ ಹಾಕಿದ್ದೇನೆ.